ಬಾಡಿಗೆ ಕೊಡಿಸಿದ ಕಾಕಾ

ಕಾಕಾ ಅವರ ಎರಡೂ ಕಿವಿಗಳಲ್ಲಿ ತೂತುಗಳಿದ್ದವು. ಬಾಗಲಕೋಟೆ ಕಡೆಯ ಅವರ ಊರಿನಲ್ಲಿ ಆಗ ಗಂಡುಹುಡುಗರಿಗೂ ಕಿವಿ ಚುಚ್ಚಿಸಿ ಮುರುವು ಹಾಕುತ್ತಿದ್ದರಂತೆ. ಮುರುವು ಎಂದೋ ಹೋಗಿತ್ತು. ತೂತುಗಳು ಉಳಿದು, ವಯಸ್ಸಾದಂತೆ ಹಾಲೆಗಳ ಜೊತೆಗೆ ಜೋತುಬಿದ್ದಿದ್ದವು. ಯಾರಾದರೂ ಆದಾಯ ತೆರಿಗೆಯ ಪ್ರಶ್ನೆ ಕೇಳಿದರೆ ಕಾಕಾ ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತಿದ್ದರು. ಕೈ ಕೆಳಗಿಳಿಯಿತೆಂದರೆ ಉತ್ತರ ಸಿದ್ಧವಾಯಿತೆಂದು ಅರ್ಥ.

ಮರಾಠಿ ನಾಡಿನ ಹಡಪಸರದ ನಮ್ಮ ಕಟ್ಟಡದಲ್ಲಿ ಅವರ ಮನೆ ನಮ್ಮ ಮನೆಯ ಕೆಳಗೇ ಇತ್ತು. ಅವರು ಮತ್ತು ನನ್ನ ಮಾವ ಭೋಸರಿಯ ಒಂದೇ ಕಾರ್ಖಾನೆಯಲ್ಲಿ ದುಡಿದವರು. ಮಾವ ಯಂತ್ರಗಳ ಕಡೆ, ಕಾಕಾ ಅಕೌಂಟ್ಸ್ ವಿಭಾಗದಲ್ಲಿ. ಇಬ್ಬರೂ ಮಾತಾಡಿಕೊಂಡೇ ಹತ್ತಿರವಿರಲೆಂದು ಇಲ್ಲಿ ಮನೆ ಕೊಂಡಿದ್ದರು. ನಾನು ಮೈಸೂರಿನಿಂದ ಸೊಸೆಯಾಗಿ ಬರುವ ಹೊತ್ತಿಗೆ ಮಾವ ಇರಲಿಲ್ಲ. ಮನೆ ಅತ್ತೆಯ ಹೆಸರಿಗಾಗಿತ್ತು. ಕಾಕಾನ ಹೆಂಡತಿಯೂ ತೀರಿಕೊಂಡಿದ್ದರು.

ತೆರಿಗೆ ಲೆಕ್ಕ ಸಲ್ಲಿಸುವ ಜೂನ್ ಬಂತೆಂದರೆ ಕಾಕಾ ಸಂಜೆ ಪಾರ್ಕಿಂಗ್ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರುವರು, ಜನ ಸುತ್ತ ಸೇರುವರು. ಬ್ಯಾಂಕಿನವರು ಬಡ್ಡಿಯಲ್ಲಿ ತೆರಿಗೆ ಮುರಿದುಕೊಂಡಿದ್ದಾರೆ, ವಾಪಸ್ ಬರುತ್ತದೆಯೇ? ಮಗ ಕಳಿಸುವ ಹಣಕ್ಕೆ ತಾಯಿ ತೆರಿಗೆ ಕಟ್ಟಬೇಕೇ? ಮರಾಠಿಯವರಿಗೆ ಮರಾಠಿಯಲ್ಲಿ, ನಮ್ಮವರಿಗೆ ಕನ್ನಡದಲ್ಲಿ ಹೇಳುವರು. ಯಾರಿಂದಲೂ ಫೀಸು ತೆಗೆದುಕೊಂಡವರಲ್ಲ. ಒಮ್ಮೆ ಮೂಲೆಯ ಹೋಟೆಲಿನ ಉಡುಪಿಯ ಮಾಲೀಕರು ಕೇಳಿದರು: "ಹೆಂಡ್ತಿ ಹೆಸರಲ್ಲಿ ಠೇವಣಿ ಇಟ್ರೆ ಟ್ಯಾಕ್ಸ್ ಉಳೀತದಾ ಮಾರಾಯ್ರೆ?"

ಕಾಕಾನ ಕೈ ಕಿವಿಯಿಂದ ಇಳಿಯಿತು. "ರೊಕ್ಕ ಯಾರದ್ರಿ? ನಿಮ್ಮದಾದ್ರ ಬಡ್ಡೀನೂ ನಿಮ್ಮ ಲೆಕ್ಕಕ್ಕ ಬರ್ತದ. ಬರೇ ಹೆಸರು ಬದಲಿ ಮಾಡಿದ್ರ ಕೊಟ್ಟಂಗಾಗೂದಿಲ್ಲ. ಕೊಟ್ಟಿದ್ದು ಖರೇ ಇರಬೇಕು."

ಆ ಕೊನೆಯ ಮಾತನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು. ಅದು ಬರೀ ಕಾನೂನಿನ ಮಾತೆಂದು ನಾನು ತಿಳಿದಿದ್ದೆ.

ನನ್ನ ಗಂಡನಿಗೆ ಮಗರಪಟ್ಟಾದಲ್ಲಿ ಕೆಲಸ. ಸಂಬಳದಲ್ಲಿ ಬಾಡಿಗೆ ಭತ್ಯೆ ಇತ್ತು. ಬಾಡಿಗೆ ಕಟ್ಟುತ್ತಿದ್ದೇನೆಂದು ತೋರಿಸಿದರೆ ತೆರಿಗೆ ಕಡಿಮೆಯಾಗುತ್ತಿತ್ತು. ಇರುವುದು ತಾಯಿಯ ಮನೆಯಲ್ಲಿ. ಅವರ ಕೈಯಿಂದ ರಸೀದಿಗಳಿಗೆ ಸಹಿ ಹಾಕಿಸಿ ಆಫೀಸಿಗೆ ಕೊಡುವುದೆಂದು ಯೋಚಿಸಿ, ಸರಿಯಾಗಿದೆಯೇ ನೋಡಿ ಎಂದು ಕಾಕಾನನ್ನು ಮನೆಗೆ ಕರೆದರು.

"ತಾಯಿಗೆ ಬಾಡಗಿ ಕೊಡಾಕ ಕಾನೂನಿನ್ಯಾಗ ಅಡ್ಡಿ ಇಲ್ಲ," ಎಂದರು ಕಾಕಾ. "ಕೊಡ್ತೀಯಲ್ಲಾ?"

"ಅದು ಬರೇ ಕಾಗದದ ಮ್ಯಾಲ ಕಾಕಾ. ಆಫೀಸಿನ್ಯಾಗ ಎಲ್ಲಾರೂ ಹಿಂಗ ಮಾಡ್ತಾರ."

"ಹಂಗಾದ್ರ ಸುಳ್ಳಾತು. ನಿಮ್ಮವ್ವನ ಕೈಲೆ ಸುಳ್ಳಿಗೆ ಸಹಿ ಮಾಡಸಬ್ಯಾಡ. ತಿಂಗಳಾ ಆಕೀ ಖಾತೆಗೆ ಹಾಕು. ಆಕಿ ತನ್ನ ರಿಟರ್ನ್‌ನ್ಯಾಗ ಬಾಡಗಿ ತೋರಸ್ತಾಳ. ಇಬ್ಬರದೂ ನೆಟ್ಟಗಿರ್ತದ."

ಅತ್ತೆ ಗಾಬರಿಯಾದರು. "ಮಗನ ಕಡೆಯಿಂದ ಬಾಡಗಿ ತಗೊಳ್ಳೂದೇನ್ರಿ? ಕೇಳಿದವರು ಏನಂದಾರು!"

"ಮನಿ ನಿಮ್ಮದು ವೈನಿ. ತಗೊಳ್ರಿ," ಎಂದರು ಕಾಕಾ, ಅತ್ತಿಗೆಗೆ ಹೇಳುವಂತೆ.

ಲೆಕ್ಕ ಹಾಕಿದಾಗ ತೆರಿಗೆ ಉಳಿಯುವುದು ಖಚಿತವಾಯಿತು, ನನ್ನ ಗಂಡ ಒಪ್ಪಿದರು. ಹಣ ಖಾತೆಗೆ ಹೋದಮೇಲೆ ಅವ್ವ ಹೇಗೂ ತೆಗೆದು ಕೈಗೆ ಕೊಡುತ್ತಾಳೆ ಎಂಬ ಲೆಕ್ಕ ಅವರ ಮನಸ್ಸಿನಲ್ಲಿತ್ತು. ಕಾಕಾ ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲೇ ತಿರುಗಿ ನಿಂತು ಅತ್ತೆಗೆ ಹೇಳಿದರು: "ವಾಪಸ್ ಕೊಡಬ್ಯಾಡ್ರಿ ಮತ್ತ. ಕೊಟ್ಟಿದ್ದು ಖರೇ ಇರಬೇಕು."

ಅತ್ತೆ ವಾಪಸ್ ಕೊಡಲಿಲ್ಲ. ಬ್ಯಾಂಕಿಗೆ ಒಬ್ಬರೇ ಹೋಗಿಬರುವುದನ್ನು ಕಲಿತರು. ತರಕಾರಿಯವಳ ಹತ್ತಿರ ಚೌಕಾಸಿ ಮಾಡುವಾಗ ಅವರ ದನಿ ಬದಲಾಗಿತ್ತು. ನನಗೊಂದು ಇಳಕಲ್ ಸೀರೆ ತಂದುಕೊಟ್ಟು, "ನನ್ನ ರೊಕ್ಕದ್ದು," ಎಂದರು. ಮದುವೆಯಾಗಿ ಬಂದಮೇಲೆ ಅವರು ಅಷ್ಟು ನಗುವುದನ್ನು ನಾನು ನೋಡಿರಲಿಲ್ಲ.

ನನ್ನ ಗಂಡನಿಗೆ ಒಬ್ಬ ತಂಗಿ. ಬೇರೆ ಜಾತಿಯ ಮರಾಠಿ ಹುಡುಗನನ್ನು ಮದುವೆಯಾಗಿ ಕುರಕುಂಭದಲ್ಲಿದ್ದಳು. ಅವನು ಅಲ್ಲಿಯ ರಾಸಾಯನಿಕ ಕಾರ್ಖಾನೆಯ ಕೆಲಸಗಾರ. ಮದುವೆಯಾದಂದಿನಿಂದ ನನ್ನ ಗಂಡ ಅವಳೊಡನೆ ಮಾತು ಬಿಟ್ಟಿದ್ದರು. ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಅತ್ತೆ ಎಂದೂ ಎದುರಾಡಿದವರಲ್ಲ. ಒಂದು ಭಾನುವಾರ ಅವರು ಬೆಳಿಗ್ಗೆ ಹೋದವರು ಸಂಜೆ ಬಂದರು. ನನ್ನ ಗಂಡ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು.

"ಕುರಕುಂಭಕ್ಕ. ಮಗಳ ಮನಿಗೆ," ಎಂದರು ಅತ್ತೆ, ನೀರು ಕುಡಿದು ಲೋಟ ಕೆಳಗಿಟ್ಟು. "ಅಳಿಯನ ಕೈ ಸುಟ್ಟದ, ಕೆಲಸಕ್ಕ ಹೋಗಾಕ ಬರೂದಿಲ್ಲ. ದವಾಖಾನಿ ಖರ್ಚು ನಾ ಕೊಟ್ಟೆ."

"ಯಾವ ರೊಕ್ಕ?"

"ನನ್ನ ಬಾಡಗಿ ರೊಕ್ಕ."

ನನ್ನ ಗಂಡ ತಟ್ಟನೆ ಎದ್ದರು. ಸೀದಾ ಕೆಳಗಿಳಿದರು. ನಾನು ಹಿಂದೆಯೇ ಓಡಿದೆ. ಬೆಂಚಿನ ಮೇಲೆ ಕಾಕಾ, ಸುತ್ತ ನಾಲ್ಕಾರು ಜನ.

"ನೀವೇ ಹಚ್ಚಿಕೊಟ್ರಿ!" ಎಂದು ನನ್ನ ಗಂಡ ಕೂಗಿದರು. "ಮನಿ ಬಿಟ್ಟು ಹೋದವರಿಗೆ ನನ್ನ ರೊಕ್ಕ ಮುಟ್ಟಿಸಿದ್ರಿ. ಅಪ್ಪನ ದೋಸ್ತ ಅಂತ ಒಳಗ ಕರದ್ರ, ಮನೀನ ಒಡದ್ರಿ!"

ಕಾಕಾನ ಕೈ ಕಿವಿಗೆ ಹೋಯಿತು, ಅಲ್ಲೇ ನಿಂತಿತು. "ನಾ ಟ್ಯಾಕ್ಸ್ ಅಷ್ಟ ಹೇಳಿದ್ದೆಪಾ," ಎಂದರು. ಪಕ್ಕದಲ್ಲಿದ್ದ ಮರಾಠಿ ಹಿರಿಯರೊಬ್ಬರು "ಜಾಊ ದ್ಯಾ, ಜಾಊ ದ್ಯಾ," ಹೋಗಲಿ ಬಿಡಿ ಎನ್ನುತ್ತ ನನ್ನ ಗಂಡನ ಭುಜ ತಟ್ಟಿ ದೂರ ಕರೆದೊಯ್ದರು.

ಮರುದಿನದಿಂದ ಬೆಂಚು ಖಾಲಿ. ಯಾರಾದರೂ ಬಾಗಿಲು ತಟ್ಟಿದರೆ, "ಈಗ ಎಲ್ಲಾ ಪೋರ್ಟಲ್‌ನ್ಯಾಗ ಬರ್ತದ, ನೋಡಕೊಳ್ರಿ," ಎಂದು ಕಾಕಾ ಒಳಗೆ ಹೋಗಿಬಿಡುತ್ತಿದ್ದರು. ಅಷ್ಟು ಮಾತಿನ ಮನುಷ್ಯ ಲಿಫ್ಟಿನಲ್ಲಿ ಎದುರಾದರೂ ಅಂಕಿಗಳನ್ನೇ ನೋಡುತ್ತ ನಿಲ್ಲುತ್ತಿದ್ದರು.

ಅತ್ತೆ ಶೇಂಗಾ ಹೋಳಿಗೆ ಮಾಡಿದ ದಿನ ನನ್ನ ಕೈಯಲ್ಲಿ ಕೊಟ್ಟು ಕಳಿಸಿದರು. ಕಾಕಾ ಡಬ್ಬಿ ತೆಗೆದುಕೊಂಡು ಕೂರಿಸಿದರು.

"ನೀವು ಹೇಳಿದ್ದರಲ್ಲಿ ತಪ್ಪೇನಿತ್ತು ಕಾಕಾ? ಅವರು ಕೋಪದಲ್ಲಿ ಅಂದುಬಿಟ್ಟರು," ಎಂದೆ.

"ತಪ್ಪು ಇದ್ದಿದ್ದಿಲ್ಲ ತಂಗಿ. ಆದ್ರ ಟ್ಯಾಕ್ಸ್ ಉಳಸಾಕ ಅಷ್ಟ ಹೇಳಿದ್ದೆ ಅಂದ್ನೆಲ್ಲಾ, ಅದು ಸುಳ್ಳು." ಗೋಡೆಯ ಮೇಲಿದ್ದ ಹೆಂಡತಿಯ ಫೋಟೋದ ಕಡೆ ನೋಡಿದರು. "ನಾನೂ ಮಂದೀಗತೆ ಈಕೀ ಹೆಸರಿಲೆ ಠೇವಣಿ ಇಟ್ಟಿದ್ದೆ. ತಮ್ಮನ ಮಗಳ ಲಗ್ನಕ್ಕ ಒಂದು ಉಂಗುರಾ ಮಾಡಸತೀನಿ, ಅದರಾಗಿಂದು ಒಂದೀಟು ತೆಗೀರಿ ಅಂದಳು. ಹೆಸರಷ್ಟ ನಿಂದು, ರೊಕ್ಕ ನಿಂದಲ್ಲ ಅಂದೆ. ನಕ್ಕಂಗ ಮಾಡಿ ಒಳಗ ಹೋದಳು. ಮುಂದ ಸಾಯೂತನಕ ನನಗ ಏನೂ ಕೇಳಲಿಲ್ಲ. ಒಂದು ಸೀರಿ ಸೈತ ಕೇಳಲಿಲ್ಲ."

ಮಾತು ನಿಲ್ಲಿಸಿ ಡಬ್ಬಿಯ ಮುಚ್ಚಳ ತೆರೆದು ಮುಚ್ಚಿದರು. "ನಿಮ್ಮತ್ತಿಯವರ ಕೈಯಾಗರೆ ರೊಕ್ಕ ಬರಲಿ ಅಂತ ಇತ್ತು ನನಗ. ಆದ್ರ ಮಗಾ ತಾಯಿ ನಡುವ ಬಿರುಕು ಬಿಡ್ತದ ಅಂತ ತಿಳೀಲಿಲ್ಲ. ಒಂದು ಸರಿ ಮಾಡಾಕ ಹೋಗಿ ಇನ್ನೊಂದು ಕೆಡಿಸಿದೆ."

"ಕೆಟ್ಟಿಲ್ಲ ಕಾಕಾ. ಅತ್ತೆ ಸಂತೋಷವಾಗಿದ್ದಾರೆ," ಎಂದೆ. ಅವರಿಗೆ ನಂಬಿಕೆ ಬರಲಿಲ್ಲ.

ಅತ್ತೆ ಕುರಕುಂಭಕ್ಕೆ ಹೋಗುವುದನ್ನು ಬಿಡಲಿಲ್ಲ, ನನ್ನ ಗಂಡ ಬಾಡಿಗೆ ಹಾಕುವುದನ್ನು ನಿಲ್ಲಿಸಲಿಲ್ಲ. ತೆರಿಗೆ ಉಳಿಯುತ್ತಿತ್ತಲ್ಲ. ಮನೆಯಲ್ಲಿ ಅವರಿಬ್ಬರ ನಡುವೆ ಬೇಕಾದಷ್ಟೇ ಮಾತು. ಮರುವರ್ಷ ಆಫೀಸಿನಲ್ಲಿ ಸುಳ್ಳು ರಸೀದಿ ಕೊಟ್ಟಿದ್ದ ಕೆಲವರಿಗೆ ಇಲಾಖೆಯಿಂದ ನೋಟಿಸು ಬಂತು. ಅಂದು ನನ್ನ ಗಂಡ ಊಟಕ್ಕೆ ಕುಳಿತವರು ತುತ್ತು ಕೈಯಲ್ಲೇ ಹಿಡಿದು, "ಕಾಕಾನ ಕಡೆ ಹೋಗಿಬರಬೇಕು," ಎಂದರು. ಬರುವ ಭಾನುವಾರ ಎಂದರು. ಆ ಭಾನುವಾರ ಏನೋ ಕೆಲಸ ಬಂತು, ಅದರ ಮುಂದಿನದಕ್ಕೆ ಅಂಜಿಕೆ ಬಂತು. ಮೆಟ್ಟಿಲಿಳಿದರೆ ಸಿಗುವ ಮನೆ ಅದು.

ಕಾಕಾ ಒಂದು ಬೆಳಿಗ್ಗೆ ಹಾಲು ತರಲು ಹೋದವರು ಅಂಗಡಿಯ ಮುಂದೆಯೇ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಹುಬ್ಬಳ್ಳಿಯಿಂದ ಅವರ ಮಗಳು ಬರುವ ತನಕ ದೇಹವನ್ನು ಕೆಳಗೆ ಪಾರ್ಕಿಂಗಿನಲ್ಲೇ ಮಲಗಿಸಿದ್ದರು. ಮಧ್ಯಾಹ್ನ ನನ್ನ ನಾದಿನಿ ಗಂಡನೊಡನೆ ಬಂದಳು. ಕಾಕಾ ಅವಳನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವರು. ಸುಟ್ಟ ಕೈಯ ಬೆರಳು ಪೂರ್ತಿ ಮಡಚಲಾಗದೆ ಅವಳ ಗಂಡ ಹೂವಿನ ಹಾರವನ್ನು ಎಡಗೈಯಲ್ಲಿ ಹಾಕಿದ. ನನ್ನ ಗಂಡ ಕಂಬಕ್ಕೆ ಒರಗಿ ನೋಡುತ್ತಿದ್ದವರು ತಂಗಿಯ ಹತ್ತಿರ ಬಂದು, "ಅವರ ಕೈ ಈಗ ಹೆಂಗದ?" ಎಂದು ಕೇಳಿದರು. ಅವಳು ಗಂಡನ ಸುಟ್ಟ ಕೈಯನ್ನು ಹಿಡಿದು ಅಣ್ಣನ ಮುಂದೆ ಚಾಚಿದಳು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಅದು ಕಾಕಾನಿಗಾಗಿಯೋ ಮಕ್ಕಳಿಗಾಗಿಯೋ ನನಗೆ ತಿಳಿಯಲಿಲ್ಲ.

ಈಗ ನನ್ನ ಗಂಡ ಹೊಸ ತೆರಿಗೆ ಪದ್ಧತಿಗೆ ಬದಲಾಯಿಸಿಕೊಂಡಿದ್ದಾರೆ. ಅದರಲ್ಲಿ ಬಾಡಿಗೆಗೆ ರಿಯಾಯಿತಿ ಇಲ್ಲ. ತಾಯಿಗೆ ಬಾಡಿಗೆ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಮೊದಲ ತಿಂಗಳೇ ಅದನ್ನು ನಿಲ್ಲಿಸುತ್ತಾರೆಂದು ನಾನು ತಿಳಿದಿದ್ದೆ. ಸಂಬಳ ಬಂದ ದಿನ ಅತ್ತೆಯ ಫೋನು ಸದ್ದು ಮಾಡಿತು. ಕನ್ನಡಕ ಹುಡುಕಿ ಹಾಕಿಕೊಂಡು ಬಾಡಿಗೆ ಜಮೆಯಾದ ಮೆಸೇಜು ಓದಿದ ಅತ್ತೆ ಮಗನ ಕಡೆ ನೋಡಿದರು.

"ಈಗ ಇದರ ಗರಜಿಲ್ಲ ಅಂದಿದ್ಯಲ್ಲೋ?"

"ಇರಲಿ ಅವ್ವಾ. ಮನಿ ನಿಂದದ," ಎಂದರು ನನ್ನ ಗಂಡ.

ಕೆಳಗಿನ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಈ ಮಾತನ್ನು ಕೇಳಬೇಕಾಗಿದ್ದವರು ಅಲ್ಲಿಲ್ಲ.