ನಾಟಿ ಸಾಲಿನಂತೆ ನಿಂತ ದೋಣಿ

ಮೊನ್ನೆ ನಮ್ಮ ಮುಂಬಾಗಿಲಿಗೆ ವಾರ್ನಿಷ್ ಹೊಡೆಸಿದೆವು. ಪಾಳ್ಯದ ಆಚಾರಿ ಬೆಳಿಗ್ಗೆಯೇ ಬಂದು, ಉಜ್ಜುಕಾಗದ ಹಾಕಿ ತಿಕ್ಕಿ, ಡಬ್ಬಿ ತೆರೆದ. ನಾನು ಒಳಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ವಾಸನೆ ಅಡಿಗೆಮನೆಗೆ ಬಂದು ಮುಟ್ಟಿದ ಕೂಡಲೇ ಕೈ ಅಲ್ಲೇ ನಿಂತಿತು. ಒದ್ದೆ ಹಗ್ಗ, ಹಳೇ ಮರ, ಅದರ ಮೇಲೆ ಈ ವಾರ್ನಿಷ್... ಹಿನ್ನೀರಿನ ದಡದಲ್ಲಿದ್ದ ತಗಡಿನ ಶೆಡ್ಡಿನ ವಾಸನೆ ಅದು. ಕಾವಲಿ ಮೇಲಿದ್ದ ರೊಟ್ಟಿ ಸೀದುಹೋದದ್ದು ಆಮೇಲೆ ಗೊತ್ತಾಯಿತು.

ಆ ಶೆಡ್ಡು ದೋಣಿ ಇಡಲೆಂದು ನಮ್ಮ ಮೇಡಂ ಕಟ್ಟಿಸಿದ್ದು. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಆಟ ಕಲಿಸುವ ಕೆಲಸ ಅವರದು. ಖೋಖೋ ಆಡಿಸಲೆಂದು ಬಂದವರು ಅದು ಹೇಗೋ ದೋಣಿಯ ಹುಚ್ಚಿಗೆ ಬಿದ್ದರು. ಪೇಟೆಯವರೆಲ್ಲ ಅವರನ್ನು ದೋಣಿ ಮೇಡಂ ಅಂತಲೇ ಕರೆಯುತ್ತಿದ್ದರು. ಕಾಟನ್ ಸೀರೆ, ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಸೀರೆಯ ಅಂಚು ಮಾತ್ರ ಸದಾ ಒದ್ದೆ.

ಅವರು ನಮ್ಮನ್ನು ಆರಿಸಿದ ರೀತಿಯೇ ಬೇರೆ. ಯಾರು ಜೋರಾಗಿ ಓಡುತ್ತಾರೆ ಅಂತ ನೋಡಲಿಲ್ಲ. "ನಾಟಿ ಹಾಕಿರೋರು ಯಾರ್ಯಾರು ಕೈ ಎತ್ತಿ" ಅಂದರು. ನಾವು ನಾಲ್ಕು ಜನ ನಾಚಿಕೊಂಡೇ ಎತ್ತಿದೆವು. ಕಾಲೇಜಿನಲ್ಲಿ ಗದ್ದೆಯ ಮಾತು ಆಡಲು ನಮಗೆ ಸಂಕೋಚ. ಅವರಿಗೋ ಅದೇ ಬೇಕಿತ್ತು. "ಹುಟ್ಟು ಹಾಕೋರು ದೋಣೀಲಿ ಹಿಂದಕ್ಕೆ ಮುಖ ಮಾಡ್ಕೊಂಡು ಕೂರ್ಬೇಕು. ಹೋಗ್ತಿರೋ ಕಡೆ ಕಾಣಲ್ಲ. ಪೇಟೆ ಹುಡ್ಗೀರು ಹೆದ್ರಿ ತಿರುಗಿ ತಿರುಗಿ ನೋಡ್ತಾರೆ. ನಿಮ್ಗೆ ಹಿಂದ್ಹಿಂದಕ್ಕೆ ಹೋಗೋದು ಹುಟ್ಟಿದಾಗಿಂದ ಗೊತ್ತೈತೆ, ಅಲ್ವಾ?" ಚುಕ್ಕಾಣಿ ಹಿಡಿಯಲು ದೋಣಿಗಲ್ ಊರಿನ ಒಬ್ಬ ಪುಟಾಣಿ ಹುಡುಗಿ ಸಿಕ್ಕಳು. ಮೈಯೆಲ್ಲ ಸೇರಿದರೂ ಒಂದು ಮೂಟೆ ತೂಕವಿಲ್ಲ, ಗಂಟಲು ಮಾತ್ರ ಘಾಟಿಯ ಲಾರಿ ಹಾರನ್ನಿನಂಥದು.

ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಿರುತ್ತಿತ್ತು. ಆಗ ಹತ್ತಿರದ ಎಸ್ಟೇಟಿನ ಖಾಲಿ ಕಾಫಿ ಕಣದಲ್ಲಿ ನಮ್ಮನ್ನು ಒಬ್ಬರ ಹಿಂದೆ ಒಬ್ಬರಂತೆ ಮಣೆ ಮೇಲೆ ಕೂರಿಸಿ, ಕೈಗೆ ಬಿದಿರು ಕೊಟ್ಟು ಎಳೆಸುತ್ತಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೊಡೆ ಹಿಡಿದು ಬಂದು ನಿಲ್ಲುವರು.

"ಏನ್ ಮೇಡಂ, ಸಿಮೆಂಟ್ ಮೇಲೇ ದೋಣಿ ಬಿಟ್ಬುಟ್ರಾ?"

"ನೀರು ತುಂಬೋವರ್ಗೂ ಇಲ್ಲೇ ಕಣ್ರೀ. ಬನ್ನಿ, ಒಂದ್ ಮಣೆ ಖಾಲಿ ಐತೆ."

ರೈಟರ್ ಕೊಡೆ ಮಡಚಿ ಹೊರಟುಬಿಡುತ್ತಿದ್ದರು.

ಮಳೆ ಕಡಿಮೆಯಾಗಿ ನೀರು ತುಂಬಿ ನಿಂತ ಮೇಲೆ ನಿಜವಾದ ದೋಣಿ. ಬೆಳಗಿನ ಮಂಜು ನೀರಿನ ಮೇಲೆ ಕಂಬಳಿಯಂತೆ ಬಿದ್ದಿರುತ್ತಿತ್ತು. ದಡವೂ ಇಲ್ಲ, ಆಕಾಶವೂ ಇಲ್ಲ, ಹುಟ್ಟು ನೀರಿಗೆ ಇಳಿದು ಏಳುವ ಸದ್ದು ಮಾತ್ರ. ಆ ಬಿಳುಪಿನೊಳಗಿಂದ ಮೇಡಂ ದನಿ ಬರುತ್ತಿತ್ತು. ಸೀಮೆಎಣ್ಣೆ ಹೊಯ್ಯುವ ತಗಡಿನ ಲಾಳಿಕೆಯನ್ನು ಬಾಯಿಗಿಟ್ಟುಕೊಂಡು ಅವರು ದಡದಲ್ಲಿ ನಮ್ಮ ಜೊತೆಜೊತೆಗೇ ನಡೆಯುತ್ತಿದ್ದರು. "ಈಗ ನಮ್ ಗದ್ದೆ ಮೇಲಿದ್ದೀರ, ಉದ್ದಕ್ಕೆ ಎಳೀರಿ!" "ಅಡಿಗೆಮನೆ ದಾಟಿದ್ರಿ, ಇನ್ನು ಬಾವಿವರ್ಗೂ ಬುಡ್ಬೇಡಿ!"

ಅದು ತಮಾಷೆಯಲ್ಲ. ಅಣೆಕಟ್ಟು ತುಂಬಿದಾಗ ಮುಳುಗಿದ ಊರುಗಳಲ್ಲಿ ಅವರದೂ ಒಂದು. ಅವರು ಆಗ ಶಾಲೆಗೆ ಹೋಗುವ ಹುಡುಗಿ. ಮಂಜು ಹರಿದ ಮೇಲೆ ಈಚೆ ದಡದ ಮತ್ತಿಮರವೂ ಆಚೆ ಗುಡ್ಡದ ಬೋಳು ಬಂಡೆಯೂ ಒಂದೇ ನೇರಕ್ಕೆ ಬಂದರೆ ನಮ್ಮ ಕೆಳಗೆ ಅವರ ಮನೆಯ ಬಾವಿ ಇದೆ ಎಂದು ಲೆಕ್ಕ. ನಮ್ಮ ಅಭ್ಯಾಸ ಮುಗಿಯುತ್ತಿದ್ದುದು ಅಲ್ಲೇ. ಹುಟ್ಟು ಎತ್ತಿಟ್ಟು ಏದುಸಿರು ಬಿಡುತ್ತಾ ನಾನು ಕೆಳಗೆ ಬಗ್ಗಿ ನೋಡುತ್ತಿದ್ದೆ. ಹಸಿರು ನೀರು, ಅದರೊಳಗೆ ನನ್ನದೇ ಮುಖ... ಬೇರೇನೂ ಕಾಣುತ್ತಿರಲಿಲ್ಲ.

ದೋಣಿ ಕಾಲೇಜಿನದಲ್ಲ. ದೂರದ ಊರಿನ ಒಂದು ಕ್ಲಬ್ಬಿನಿಂದ ಮೇಡಂ ಕೈಕಾಲು ಹಿಡಿದು ತಂದದ್ದು. ಆ ವರ್ಷ ದೋಣಿ ಪಂದ್ಯದ ಕಪ್ ಬಂದರೆ ದೋಣಿ ನಮ್ಮಲ್ಲೇ ಉಳಿಯಬೇಕು, ಬಾರದಿದ್ದರೆ ವಾಪಸ್ಸು. ದೋಣಿ ಹೋದರೆ ಮೇಡಂ ಮತ್ತೆ ಖೋಖೋ ಕಂಬದ ಹತ್ತಿರ, ನಾವು ಮನೆಯ ಹಿತ್ತಿಲಲ್ಲಿ. ಇದು ಎಲ್ಲರಿಗೂ ಗೊತ್ತಿತ್ತು.

ಪಂದ್ಯದ ದಿನ ನಾವು ಶುರುವಿನಿಂದಲೇ ಮುಂದಿದ್ದೆವು. ಆದರೆ ಹಿಂದಕ್ಕೆ ಮುಖ ಮಾಡಿ ಕೂತವರಿಗೆ ಕಾಣುವುದು ಹಿಂದೆ ಬಿದ್ದವರೇ ತಾನೆ? ಪಕ್ಕದ ಸಾಲಿನ ದೋಣಿ ತಡವರಿಸುತ್ತಿತ್ತು. ಆ ಹುಡುಗಿಯರ ಬೆನ್ನು ಬಾಗಿ ಬಾಗಿ ಏಳುತ್ತಿತ್ತು, ಒಬ್ಬಳು ನೀರಿಗೆ ಸಿಕ್ಕಿಕೊಂಡ ಹುಟ್ಟನ್ನು ಬಿಡಿಸಲಾಗದೆ ಒದ್ದಾಡುತ್ತಿದ್ದಳು. ನಮ್ಮ ಕಡೆ ನಾಟಿಯಲ್ಲಿ ಒಬ್ಬಳು ಹಿಂದೆ ಉಳಿದರೆ ಮಿಕ್ಕವರು ಕೈ ನಿಧಾನ ಮಾಡುತ್ತಾರೆ. ಅವಳ ಪಾಲಿಗೆ ನಾಲ್ಕು ಸಸಿ ಊರಿ, ಸಾಲು ಕೂಡಿದ ಮೇಲೆಯೇ ಮುಂದಿನ ಹೆಜ್ಜೆ. ಒಬ್ಬಳೇ ಮುಂದೆ ಹೋದರೆ ಏರಿ ಮೇಲಿನವರು ಆಡಿಕೊಳ್ಳುತ್ತಾರೆ. ನಾವು ಯಾರೂ ಮಾತಾಡಿಕೊಳ್ಳಲಿಲ್ಲ. ನಾಲ್ವರ ಕೈಯೂ ತಾನಾಗಿ ಸಡಿಲವಾಯಿತು.

"ಏನ್ ಬಂತ್ರೇ ನಿಮ್ಗೆ! ಎಳೀರೇ!" ಎಂದು ಪುಟಾಣಿ ಕಿರುಚುತ್ತಲೇ ಇದ್ದಳು. ಅಷ್ಟರಲ್ಲಿ ಆ ಹುಡುಗಿ ಹುಟ್ಟು ಬಿಡಿಸಿಕೊಂಡಿದ್ದಳು. ಅವರ ದೋಣಿ ನಮ್ಮ ಪಕ್ಕಕ್ಕೆ ಬಂತು, ದಾಟಿತು.

ದಡದಲ್ಲಿ ಮೇಡಂ ಮುಖ ಬಿಳಿಚಿಕೊಂಡಿತ್ತು. "ಗೆದ್ದಿದ್ದು ಕಣ್ರೇ! ಯಾಕ್ ನಿಲ್ಸಿದ್ರಿ?"

ಮೊದಲ ಮಣೆಯ ಕುಂದೂರಿನವಳು ತಲೆ ತಗ್ಗಿಸಿ ಹೇಳಿದಳು. "ಆ ಹುಡ್ಗೀರು ಹಿಂದೆ ಉಳ್ಕಂಡ್ರು ಮೇಡಂ. ಕೂಡ್ಕಳ್ಳಿ ಅಂತ..."

ಮೇಡಂ ಅವರಿಗೆ ನಗು ಶುರುವಾಯಿತು. ನಕ್ಕು ನಕ್ಕು ಲಾಳಿಕೆ ಕೈಜಾರಿ ನೀರಿಗೆ ಬಿತ್ತು. "ಅಯ್ಯೋ ನಿಮ್ಮ! ಇದು ಗದ್ದೆ ಅಲ್ಲ ಕಣ್ರೇ..." ಅನ್ನುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅದರಲ್ಲಿ ನಗು ಎಷ್ಟು, ಅಳು ಎಷ್ಟು ಅಂತ ನನಗೆ ಇವತ್ತಿಗೂ ಹೇಳಲಾಗದು.

ಕ್ಲಬ್ಬಿನ ಹಿರಿಯರು ದೋಣಿ ಒಯ್ಯಲು ಬಂದಾಗ ಸೋತದ್ದು ಹೇಗೆ ಅಂತ ಕೇಳಿದರಂತೆ. ಮೇಡಂ ನೆಪ ಹೂಡದೆ ಇದ್ದದ್ದು ಇದ್ದ ಹಾಗೆ ಹೇಳಿದರಂತೆ. ಅವರಿಗೂ ನಗು ತಡೆಯಲಾಗಲಿಲ್ಲ. "ಕಾಯೋಕೆ ನಿಂತ್ರು ಅಂದ್ರೆ ಮುಂದಿದ್ರು ಅಂತ ತಾನೆ? ಇನ್ನೊಂದು ವರ್ಷ ಇಟ್ಕೊಂಡಿರಿ" ಅಂದು ಹೋದರಂತೆ.

ಮರುವರ್ಷ ಮೇಡಂ ನಮಗೆ ಒಂದೇ ಒಂದು ಹೊಸ ಪಾಠ ಹೇಳಿಕೊಟ್ಟರು. ಪಕ್ಕದ ದೋಣಿ ನೋಡಬಾರದು, ಮುಂದೆ ಕೂತವಳ ಜಡೆಯ ಗಂಟು ನೋಡಬೇಕು. "ಅವ್ಳೇ ನಿಮ್ ಸಾಲು. ಅವ್ಳ ಜೊತೆ ಕೂಡ್ಕಂಡ್ರೆ ಸಾಕು." ಮುಂದೆ ಯಾರ ಜಡೆಯೂ ಇಲ್ಲದ ಕುಂದೂರಿನವಳಿಗೆ, ಚುಕ್ಕಾಣಿ ಹಿಡಿದು ಎದುರು ಕೂತ ಪುಟಾಣಿಯ ಮೂಗುಬೊಟ್ಟು. ಆ ವರ್ಷ ಗೆದ್ದೆವು. ಗೆದ್ದದ್ದು ನನಗೆ ಸರಿಯಾಗಿ ನೆನಪಿಲ್ಲ. ಒಂದು ಕಪ್ಪು ಜಡೆ, ಅದರ ತುದಿಯ ಕೆಂಪು ಟೇಪು, ಅದು ಹತ್ತಿರ ಬರುವುದು, ದೂರ ಹೋಗುವುದು... ಅಷ್ಟೇ.

ದೋಣಿ ಉಳಿಯಿತು. ನಮ್ಮ ಹಿಂದೆ ಬಂದ ಹುಡುಗಿಯರು ನಮಗಿಂತ ಚೆನ್ನಾಗಿ ಗೆದ್ದರು. ಪ್ರಿನ್ಸಿಪಾಲರ ಕೋಣೆಯ ಬೀರು ತುಂಬಿ, ಒಂದು ಕಪ್ಪಿನಲ್ಲಿ ಸೀಮೆಸುಣ್ಣ ಹಾಕಿಡುವಷ್ಟಾಯಿತು. ಕೆಲವರು ಪೊಲೀಸ್ ಕೆಲಸಕ್ಕೆ ಸೇರಿದರು, ಕೆಲವರು ತಾವೇ ಕಲಿಸುವವರಾದರು. ದೊಡ್ಡ ಊರಿನ ಕಾಲೇಜಿನವರು ಮೇಡಂ ಅವರನ್ನು ಕರೆದಾಗ ಹೋಗಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಅಲ್ಲಿ ನೀರಿನ ಕೆಳಗೆ ಏನೈತೆ ಅಂತ ನಂಗೊತ್ತಿಲ್ವಲ್ಲೇ" ಅಂದರು.

ಕೊನೆಯ ಸಲ ಅವರನ್ನು ಕಂಡದ್ದು ಹೋದ ವರ್ಷದ ಬೇಸಿಗೆಯಲ್ಲಿ. ನಿವೃತ್ತಿಯಾಗಿ ಎಷ್ಟೋ ಕಾಲವಾಗಿತ್ತು. ಮೈ ಇಳಿದುಹೋಗಿತ್ತು, ಬೂಟು ಮಾತ್ರ ಅದೇ ಬಿಳಿಯದು. ನೀರು ಪೂರಾ ಇಳಿದು ಬಾವಿ ಕಂಡೈತಂತೆ, ನೋಡೋಣ ಬಾ ಅಂತ ಕರೆದುಕೊಂಡು ಹೋದರು. ಬಿರುಕು ಬಿಟ್ಟ ಕೆಸರಿನ ಮೇಲೆ ನಡೆಯುತ್ತಾ ನಾನು ನಾಲ್ಕು ಹೆಜ್ಜೆ ಮುಂದಾದೆ. ಹಿಂದೆ ಅವರ ಏದುಸಿರು ಕೇಳಿ ನಿಂತೆ.

"ನಡಿ ಮಾರಾಯ್ತಿ, ನಿಲ್ಬೇಡ. ಇದು ಗದ್ದೆ ಅಲ್ಲ."

"ಗದ್ದೇನೇ ಮೇಡಂ. ನಿಮ್ದೇ ಅಲ್ವಾ?" ಅಂದೆ.

ಅವರು ಸುತ್ತ ನೋಡಿದರು. ಹೌದಲ್ಲ ಅನ್ನುವ ಹಾಗೆ ತಲೆಯಾಡಿಸಿ, ನನ್ನ ಪಕ್ಕಕ್ಕೆ ಬಂದು, ಕೈ ಹಿಡಿದುಕೊಂಡು ಒಂದು ಕಾಲಕ್ಕೆ ಹುಟ್ಟು ಹಿಡಿದು ಜಡ್ಡುಗಟ್ಟಿದ್ದ ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಮೆತ್ತಗಾಗ್ಬುಟ್ಟೈತಲ್ಲೇ." ಬಾವಿಯ ಕಲ್ಲುಕಟ್ಟೆ ಇನ್ನೂ ದೂರವಿತ್ತು. ಅಲ್ಲಿಯವರೆಗೂ ಹಾಗೇ ಕೂಡಿಕೊಂಡು ಹೋದೆವು.

ಈ ಸಲ ಮಳೆ ಶುರುವಾಗುವ ಮೊದಲೇ ಕುಂದೂರಿನವಳು ಫೋನ್ ಮಾಡಿದಳು. ಮೇಡಂ ಹೋಗಿಬಿಟ್ಟರೆಂದು ಅವಳ ದನಿಯಲ್ಲೇ ತಿಳಿಯಿತು. ಈಗ ಬಾವಿಯ ಮೇಲೆ ಮತ್ತೆ ನೀರು ನಿಂತಿರುತ್ತದೆ.

ಆಚಾರಿ ಕುಂಚ ತೊಳೆದು ಎದ್ದ. "ಬಾಗ್ಲು ಮುಟ್ಬೇಡ್ರಕ್ಕಾ, ಇನ್ನೂ ಹಸಿ ಐತೆ. ಕಿಟ್ಕಿ ಎಲ್ಲಾ ತೆಗೆದ್ಬುಡ್ಲಾ? ವಾಸ್ನೆ ಬೇಗ ಹೋಯ್ತದೆ."

"ಬ್ಯಾಡ ಬುಡಪ್ಪ" ಅಂದೆ. "ನಿಧಾನಕ್ಕೆ ಹೋಗ್ಲಿ."