ಶಾರ್ಕ್ ಹೊಟ್ಟೆಯ ಬೆರಳು

ನಾನು ಚಿಕ್ಕವನಿದ್ದಾಗ ದೊಡ್ಡ ಚಾಡಿಕೋರ. ಮೊದಲೇ ಹೇಳಿಬಿಡುತ್ತೇನೆ ಮಕ್ಕಳೇ, ಆಮೇಲೆ ತಾತ ಪಾಪ ಅಂತ ಮುದ್ದು ಮಾಡಲು ಬರಬೇಡಿ.

ಬಸವನಗುಡಿಯ ನಮ್ಮ ಮನೆಯೊಳಗೆ ಈರುಳ್ಳಿಗೂ ಪ್ರವೇಶವಿರಲಿಲ್ಲ. ಅಂಥ ಮನೆಗೆ ಪ್ರಾಣಿಶಾಸ್ತ್ರ ಓದುತ್ತಿದ್ದ ಅಕ್ಕ ಒಂದು ಶನಿವಾರ, ಶಾರ್ಕ್ ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ್ದನ್ನೆಲ್ಲ ಗಾಜಿನ ಬಾಟಲಿಯಲ್ಲಿಟ್ಟುಕೊಂಡು ಬಂದಳು. ಅದು ಏನೇನು ತಿಂದಿತ್ತೆಂದು ಚಿತ್ರ ಬರೆದು ಸೋಮವಾರ ಕಾಲೇಜಿನಲ್ಲಿ ಒಪ್ಪಿಸಬೇಕಿತ್ತು. ಅಲ್ಲೇ ಮುಗಿಸೋಣವೆಂದರೆ, ದೀಪ ಹಚ್ಚುವ ಮೊದಲು ಮನೆ ಸೇರಬೇಕೆಂದು ಅಪ್ಪನ ಕಟ್ಟಪ್ಪಣೆ. ಅಜ್ಜಿಯಂತೂ ಅವಳ ಓದು ಬಿಡಿಸಲು ಒಂದು ನೆಪಕ್ಕೆ ಕಾಯುತ್ತಿದ್ದಳು.

ಭಾನುವಾರ ಬೆಳಿಗ್ಗೆ ಬಚ್ಚಲುಮನೆಯ ಹಿಂದೆ ಅಕ್ಕ ಬಾಟಲಿ ತೆರೆದಳು. ಕೊಳೆಯದಿರಲೆಂದು ಹಾಕಿದ್ದ ಫಾರ್ಮಲಿನ್ ವಾಸನೆಗೆ ನನ್ನ ಕಣ್ಣು ಉರಿಯಿತು. ಅಕ್ಕ ವಿವರಿಸಿದಳು: ಈ ಜಾತಿಯ ಶಾರ್ಕು ಹಗಲೆಲ್ಲ ದಡದ ಹತ್ತಿರ ಮರಳ ಮೇಲೇ ಮಲಗಿರುತ್ತದಂತೆ. ಕತ್ತಲಾದ ಮೇಲೆ ಎದ್ದು, ಮೂತಿಯಿಂದ ಮರಳು ಕೆದಕಿ, ಏಡಿ, ಸಿಗಡಿ, ಹುಳ, ಸಣ್ಣ ಮೀನು ಹೀರಿಕೊಳ್ಳುತ್ತದಂತೆ. ನಾನು ಬಾಟಲಿಗೆ ಕೈ ಹಾಕಿದೆ. ಅಕ್ಕ ಫಟ್ಟನೆ ಕೈಮೇಲೆ ಹೊಡೆದಳು. ಸಿಟ್ಟು ನೆತ್ತಿಗೇರಿತು.

ಅಂಗಳದಲ್ಲಿ ಅಜ್ಜಿ ಮಡಿಯುಟ್ಟು ಸಂಡಿಗೆ ಇಡುತ್ತಿದ್ದಳು. ಓಡಿಹೋಗಿ ಹೇಳಿದೆ. "ಅಜ್ಜೀ, ಅಕ್ಕ ಶಾರ್ಕ್ ಹೊಟ್ಟೇಲಿದ್ದದ್ದನ್ನ ತಂದಿದಾಳೆ. ಅದ್ರಲ್ಲಿ ಮನುಷ್ಯನ ಬೆರಳಿದೆ."

ಹೆಣದ ಬೆರಳು ಮನೆಗೆ ಬಂತೆಂದು ಅಜ್ಜಿ ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು. ಮಡಿಯಲ್ಲಿದ್ದವಳು ಬಾಟಲಿ ಮುಟ್ಟುವಂತಿಲ್ಲ. ಮುಂಜಿಯಾಗದ ಹುಡುಗನಿಗೆ ಮೈಲಿಗೆಯಿಲ್ಲವೆಂದು ಚೆಲ್ಲುವ ಕೆಲಸ ನನಗೇ ಬಂತು. ಅಕ್ಕ ಬೇಡ ಬೇಡವೆಂದರೂ ಬಾಟಲಿ ಎತ್ತಿ ಮೋರಿಯ ಕಲ್ಲಿನ ಮೇಲೆ ಸುರಿದೆ. ಏಡಿಯ ಮುರಿದ ಕಾಲುಗಳು, ಸಿಗಡಿ ಸಿಪ್ಪೆ, ಒಂದಿಷ್ಟು ಹುಳ. ಬೆರಳಿರಲಿಲ್ಲ. ಅಜ್ಜಿ ಹೇಳಿದಂತೆ ಎರಡು ಬಿಂದಿಗೆ ನೀರು ಹುಯ್ದೆ, ಎಲ್ಲ ಕೊಚ್ಚಿಹೋಯಿತು.

ಗಲಾಟೆ ಕೇಳಿ ಅಪ್ಪ ಬಂದರು. ಅಕ್ಕ ಅಳಲಿಲ್ಲ.

"ಅದು ಮನುಷ್ಯರನ್ನ ತಿನ್ನೋ ಮೀನಲ್ಲ ಅಪ್ಪ. ಚೆಲ್ಲಿದೋನು ಇವನೇ, ಇವನನ್ನೇ ಕೇಳಿ."

ಅಪ್ಪ ಕೇಳಿದರು. ನನ್ನ ಕೈ ಇನ್ನೂ ಚುರುಗುಟ್ಟುತ್ತಿತ್ತು. ಬೆರಳಿತ್ತು ಅಂದೆ.

ಸೋಮವಾರ ಅಕ್ಕ ಕಾಲೇಜಿಗೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಮದುವೆಯಾಗಿ ಹೋಗುವ ತನಕ ನನಗೆ ಅನ್ನ ಬಡಿಸಿದಳು, ಮುಖ ಮಾತ್ರ ನೋಡಲಿಲ್ಲ. ಅಪ್ಪನ ಮೇಲೆ, ಅಜ್ಜಿಯ ಮೇಲೆ ನನಗೆ ಈಗಲೂ ಕೋಪವಿದೆ. ನನ್ನ ಮೇಲಿರುವಷ್ಟಿಲ್ಲ.

ನಿಮ್ಮ ಮನೆಯಲ್ಲಿ ಒಬ್ಬ ಹುಡುಗನ ಸುಳ್ಳಿಗೆ ಹುಡುಗಿಯ ಓದು ನಿಲ್ಲುವುದಿಲ್ಲ. ಮೊಬೈಲಿನಲ್ಲೇ ಸಮುದ್ರದ ತಳ ನೋಡುತ್ತೀರಿ. ನಿನ್ನೆ ಪುಟ್ಟಿ ಅದನ್ನು ನನ್ನ ಮೂಗಿಗೆ ಹಿಡಿದು, "ತಾತ, ಈ ಶಾರ್ಕು ಬರೀ ಏಡಿ ಗೀಡಿ ತಿನ್ನುತ್ತೆ, ಗೊತ್ತಾ?" ಎಂದು ಕೇಳಿದಳು.

ಗೊತ್ತು ಕಣೇ. ಎಂಟು ವರ್ಷಕ್ಕೇ ಗೊತ್ತಿತ್ತು. ಅಪ್ಪ ಕೇಳಿದಾಗಲೂ ಗೊತ್ತಿತ್ತು.