ತೆಗೆದದ್ದೂ ತೆಗೆದುಕೊಂಡದ್ದೂ

ನಮ್ಮ ಯಜಮಾನರಿಗೆ ಪಟ ತೆಗೆಯುವುದು ಗೊತ್ತಿತ್ತು. ತೆಗೆದ ಪಟ ಯಾರ ಕೈ ಸೇರಿತು ಅನ್ನುವುದು ಮಾತ್ರ ಗೊತ್ತಿರುತ್ತಿರಲಿಲ್ಲ. ಊಟಿಯ ಪೇಟೆಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಯಾರಾದರೂ ಬಂದು, "ಸ್ವಾಮಿ, ಈ ಪಟ ಅಚ್ಚು ಹಾಕಿಸ್ಲಾ?" ಅಂದರೆ ಸಾಕು, ಪಟ ಮೂಡಿದ ಗಾಜಿನ ಪ್ಲೇಟನ್ನೇ ಎತ್ತಿ ಕೊಟ್ಟುಬಿಡುವವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ನಾನೇ ಹಟ ಹಿಡಿದು, ಒಯ್ಯುವವರ ಕೈಯಿಂದಲೇ ಚೀಟಿ ಬರೆಸಿ, ತಗಡಿನ ಪೆಟ್ಟಿಗೆಯೊಂದರಲ್ಲಿ ಜೋಪಾನ ಮಾಡತೊಡಗಿದೆ.

ಹಾಗೆ ಹೊರಗೆ ಹೋದದ್ದೇ ಮೋಯಾರ್ ಕಮರಿಯ ಪಟ. ಅದಕ್ಕಾಗಿ ನಾವಿಬ್ಬರೂ ಮಸಿನಗುಡಿಯಿಂದ ಎತ್ತಿನ ಗಾಡಿಯಲ್ಲಿ, ಆನೆಗಳಿಗೆ ಹೆದರಿ, ಜೀವ ಕೈಯಲ್ಲಿ ಹಿಡಿದುಕೊಂಡು ಹೋಗಿದ್ದೆವು. ಕಮರಿಯ ಆಳ ನೋಡುವವರಿಗೆ ತಿಳಿಯಲೆಂದು ನನ್ನನ್ನು ಬಂಡೆಯ ತುದಿಯಲ್ಲಿ ನಿಲ್ಲಿಸಿ, "ಆ ಕಡೆ ತಿರುಗೇ. ಜನ ನಿನ್ನ ಮುಖ ನೋಡ್ತಾ ಕೂತ್ರೆ ಕಮರಿ ಯಾರು ನೋಡ್ತಾರೆ?" ಎಂದರು. ನಾಚಿಕೊಂಡು ತಿರುಗಿ ನಿಂತೆ.

ಆ ಪ್ಲೇಟನ್ನು ಪೋಸ್ಟ್‌ಕಾರ್ಡ್ ಮಾರುವ ಅಂಗಡಿಯವನೊಬ್ಬ ಒಯ್ದ. ನಮ್ಮ ಮೈಸೂರು ಸೀಮೆಯವನೇ. "ಕಾರ್ಡಿಗಾಗಿ ಮೋಯಾರ್ ಕಮರಿಯ ಪಟ ತೆಗೆದುಕೊಂಡಿದ್ದೇನೆ" ಎಂದು ಬರೆದು ಸಹಿ ಹಾಕಿದ. ಕಾರ್ಡು ಅಚ್ಚಾದ ಮೇಲೆ, ಪ್ಲೇಟು ಒಡೆದುಹೋಯಿತು ಎಂದ. ಮುಂದೆ ನಮ್ಮಲ್ಲಿ ಉಳಿದಿದ್ದ ಒಂದು ಪ್ರತಿಯನ್ನು ಕ್ಯಾಲೆಂಡರ್ ಮಾಡುವವರಿಗೆ ಕೊಟ್ಟೆವು. ಅವರು ಅಚ್ಚು ಹಾಕಿದ್ದೇ ತಡ, ಅದೇ ಅಂಗಡಿಯವನಿಂದ ವಕೀಲರ ನೋಟೀಸು ಬಂತು: ಪಟ ತನ್ನದು, ತನ್ನ ಒಪ್ಪಿಗೆಯಿಲ್ಲದೆ ಅಚ್ಚು ಹಾಕಿದ್ದಾರೆ! ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಸುಮ್ಮನೆ ಹೇಳಿದರೇ?

ಚೀಟಿ ಇದೆಯಲ್ಲ ಎಂಬ ಧೈರ್ಯದಿಂದ ಪೆಟ್ಟಿಗೆ ಹೊತ್ತುಕೊಂಡೇ ಯಜಮಾನರ ಜೊತೆ ಕೋರ್ಟಿಗೆ ಹೋದೆ. ನ್ಯಾಯ ಹೇಳಲು ಕೂತಿದ್ದ ಬಿಳಿ ದೊರೆಗೆ ಕನ್ನಡ ಬಾರದು. ಅಲ್ಲಿಯ ಗುಮಾಸ್ತರು ಚೀಟಿಯನ್ನು ಇಂಗ್ಲಿಷಿಗೆ ತಿರುಗಿಸಿ ಓದಿದರು. ದೊರೆ ಅಂಗಡಿಯವನ ಕಡೆ ನೋಡಿ ಒಪ್ಪಿದಂತೆ ತಲೆಯಾಡಿಸಿದ. ನಮ್ಮ ವಕೀಲರ ಮುಖ ಇಷ್ಟಾಯಿತು.

"ಏನಮ್ಮಾ ಇದು? ಪಟ ತೆಗೆದೋನು ಅವನೇ ಅಂತ ನೀವೇ ಸಾಕ್ಷಿ ತಂದುಕೊಟ್ರಲ್ಲ!"

ಇಂಗ್ಲಿಷಿನಲ್ಲಿ ತೆಗೆದದ್ದಕ್ಕೂ ತೆಗೆದುಕೊಂಡದ್ದಕ್ಕೂ ಒಂದೇ ಮಾತಂತೆ. ಅಯ್ಯೋ ನನ್ನ ಕರ್ಮವೇ! ಅಷ್ಟು ದೊಡ್ಡ ರಾಜ್ಯ ಆಳುವವರ ಹತ್ತಿರ ಇಷ್ಟು ಚಿಕ್ಕ ಒಂದು "ಕೊಂಡ" ಇಲ್ಲವೇ?

"ಸ್ವಾಮೀ, ಬಂಡೆ ಮೇಲೆ ನಿಂತಿರೋಳು ನಾನೇ! ತೆಗೆದೋರು ನನ್ನ ಗಂಡ!" ಎಂದು ಕೂಗಿದೆ.

ಗುಮಾಸ್ತರು ಪಟವನ್ನು ಬೆಳಕಿಗೆ ಹಿಡಿದು ನೋಡಿದರು. "ಮುಖವೇ ಕಾಣೋದಿಲ್ಲವಲ್ಲಮ್ಮಾ," ಎಂದರು.

ಕ್ಯಾಲೆಂಡರುಗಳನ್ನೆಲ್ಲ ಸುಡಬೇಕೆಂದು ತೀರ್ಪಾಯಿತು. ಮನೆಗೆ ಮರಳುವಾಗ ಆ ಅಂಗಡಿಯನ್ನು ದಾಟಿಯೇ ಬರಬೇಕು. ಬಾಗಿಲಲ್ಲಿ ತೂಗುಹಾಕಿದ್ದ ಕಾರ್ಡುಗಳಲ್ಲಿ ಮೇಲಿಂದ ಕೆಳಗಿನವರೆಗೂ ನನ್ನದೇ ಬೆನ್ನು, ಅದರಡಿ ಅವನ ಹೆಸರು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಹೋಗ್ಲಿ ಬಿಡೇ, ಇನ್ನೊಂದು ತೆಗೆದ್ರಾಯ್ತು," ಎಂದರು ಯಜಮಾನರು.

"ತೆಗೀರಿ, ಬೇಡ ಅಂದೋರ್ಯಾರು? ಆದ್ರೆ ಇನ್ಮೇಲೆ ನಾನು ನಿಂತ್ರೆ ಮುಖ ಈ ಕಡೆಗೇ. ಕಮರಿ ಬೇಕಾದ್ರೆ ಆ ಕಡೆ ತಿರುಗ್ಲಿ!"